ಬೀಗ ಹಾಕಿದ ಮಳಿಗೆಯಲ್ಲಿ ಬೂಷ್ಟು: ನೀರು ಎಲ್ಲಿಂದ ಬಂತೆಂದು ಹುಡುಕುವ ಬಗೆ

ಷಟರನ್ನು ಅರ್ಧ ಎತ್ತುವಾಗಲೇ ಮೂಗಿಗೆ ವಿಷಯ ತಿಳಿದುಬಿಡುತ್ತದೆ. ಒದ್ದೆ ಗೋಣಿಯನ್ನು ಮಡಚಿಟ್ಟು ತಿಂಗಳ ಮೇಲೆ ಬಿಡಿಸಿದರೆ ಬರುವ ವಾಸನೆ ಅದು. ಟಾರ್ಚ್ ಹಾಕಿ ನೋಡಿದರೆ ಸಾರಣೆಯ ಬೂದು ಗೋಡೆಯ ಮೇಲೆ ಕಪ್ಪು ಚುಕ್ಕೆಗಳು, ಮೂಲೆಗೆ ಒರಗಿಸಿಟ್ಟ ಜಿಪ್ಸಂ ಹಲಗೆಗಳ ಬೆನ್ನ ಮೇಲೆ ಹಸಿರು ಮಖಮಲ್ಲು.

ಮಂಗಳೂರಿನಲ್ಲಿ ನಾಲ್ಕಾರು ಮಳಿಗೆಗಳ ಬೀಗದ ಕೈ ನನ್ನ ಬಳಿ ಇದೆ. ಮಾಲಕರಲ್ಲಿ ಹೆಚ್ಚಿನವರು ಕೊಲ್ಲಿ ದೇಶಗಳಲ್ಲಿದ್ದಾರೆ. ಮಳಿಗೆಗಳೆಲ್ಲ ಅರ್ಧ ಕಟ್ಟಿ ನಿಲ್ಲಿಸಿದವು: ಗೋಡೆ, ಚಾವಣಿ, ಷಟರ್ ಇವೆ, ಟೈಲ್ಸ್, ಬಣ್ಣ, ವಿದ್ಯುತ್ ಇಲ್ಲ. ಬಾಡಿಗೆದಾರ ಸಿಕ್ಕಿದ ಮೇಲೆ ಅವನ ಇಷ್ಟದಂತೆ ಉಳಿದ ಕೆಲಸ ಎಂಬ ಲೆಕ್ಕ. ಬಾಡಿಗೆದಾರ ಸಿಗುವುದರೊಳಗೆ ಮಳೆಗಾಲ ಬರುತ್ತದೆ. ಬೂಷ್ಟಿನ ಫೋಟೋ ಕಳುಹಿಸಿದರೆ ಮಾಲಕರಿಂದ ಬರುವ ಮೊದಲ ಪ್ರಶ್ನೆ, "ಯಾವ ಪೇಂಟ್ ಹೊಡೆದರೆ ಹೋಗುತ್ತದೆ?" ನಾನೂ ಮೊದಲ ಎರಡು ವರ್ಷ ಅದೇ ಪ್ರಶ್ನೆಯ ಹಿಂದೆ ಹೋಗಿ ಅವರ ದುಡ್ಡನ್ನು ಗೋಡೆಗೆ ಬಳಿದೆ. ಬೂಷ್ಟಿನ ಬೀಜಕಣಗಳು ಗಾಳಿಯಲ್ಲಿ ಯಾವಾಗಲೂ ಇರುತ್ತವೆ, ಅವುಗಳನ್ನು ಹೊರಗಿಡಲು ಯಾರಿಂದಲೂ ಆಗದು. ತಿನ್ನಲು ಕಾಗದ, ಮರ, ಧೂಳು ಏನಾದರೊಂದು ಸಿಗುತ್ತದೆ. ನಮ್ಮ ಕೈಯಲ್ಲಿರುವುದು ನೀರೊಂದೇ. ಆದ್ದರಿಂದ ಗೋಡೆಯನ್ನು ಒರೆಸುವ ಮೊದಲು ನೀರಿನ ಮೂಲವನ್ನು ಹಿಡಿಯಬೇಕು. ಒರೆಸಿಬಿಟ್ಟರೆ ಸಾಕ್ಷಿಯೂ ಹೋಯಿತು.

ಅದು ಬೂಷ್ಟೇ ಹೌದೇ?

ಗೋಡೆಯ ಮೇಲೆ ಬಿಳಿಯಾಗಿ ಹತ್ತಿಯಂತೆ ಕಾಣುವುದೆಲ್ಲ ಬೂಷ್ಟಲ್ಲ. ಸಿಮೆಂಟಿನಲ್ಲಿ, ಕೆಂಪುಕಲ್ಲಿನಲ್ಲಿ, ಮರಳಿನಲ್ಲಿ ಇರುವ ಲವಣ ನೀರಿನೊಂದಿಗೆ ಹೊರಬಂದು, ನೀರು ಆರಿದ ಮೇಲೆ ಹರಳುಗಟ್ಟಿ ಉಳಿಯುತ್ತದೆ. ನಮ್ಮ ಮೇಸ್ತ್ರಿಗಳು ಇದನ್ನು ಉಪ್ಪು ಹೂವು ಎನ್ನುತ್ತಾರೆ. ಬೆರಳಿನಲ್ಲಿ ಉಜ್ಜಿದರೆ ಪುಡಿಪುಡಿಯಾಗುತ್ತದೆ, ಒಂದು ಹನಿ ನೀರು ಬಿಟ್ಟರೆ ಸಾಮಾನ್ಯವಾಗಿ ಕರಗಿ ಕಾಣೆಯಾಗುತ್ತದೆ. ಕರಗದ ಗಟ್ಟಿ ಬಿಳಿ ಪದರವಾದರೆ ಸ್ವಲ್ಪ ವಿನೆಗರ್ ಹಾಕಿ ನೋಡಿ. ನೊರೆ ಬಂದರೆ ಅದು ಸುಣ್ಣದ ಅಂಶ. ಬೂಷ್ಟು ಇವೆರಡಕ್ಕೂ ಬಗ್ಗುವುದಿಲ್ಲ, ಒದ್ದೆಯಾಗಿ ಅಂಟಂಟಾಗುತ್ತದೆ ಅಷ್ಟೆ. ಉಪ್ಪು ಹೂವು ಕಂಡರೆ ಬೇಸರಿಸಬೇಡಿ. ಗೋಡೆಯ ಒಳಗಿನಿಂದ ನೀರು ಹಾದು ಬರುತ್ತಿದೆ ಎಂದು ಅದು ತಾನಾಗಿಯೇ ಬರೆದುಕೊಟ್ಟಂತೆ.

ಕಪ್ಪು ಕಲೆಯ ಬಗ್ಗೆ ಸಂಶಯವಿದ್ದರೆ ಹತ್ತಿಯಲ್ಲಿ ಸ್ವಲ್ಪ ಬ್ಲೀಚ್ ಅದ್ದಿ ಮುಟ್ಟಿಸಿ ಒಂದೆರಡು ನಿಮಿಷ ಕಾಯಿರಿ. ಬಣ್ಣ ಇಳಿದರೆ ಬೂಷ್ಟು. ಹಾಗೆಯೇ ಉಳಿದರೆ ಮಸಿ, ಧೂಳು ಅಥವಾ ಚಾವಣಿಯ ಸೆಂಟ್ರಿಂಗ್ ಹಲಗೆಗೆ ಬಳಿದ ಎಣ್ಣೆಯ ಕಲೆ. ವೆಂಟಿಲೇಟರ್ ಕೆಳಗೆ ಬೆಳಕು ಬೀಳುವಲ್ಲಿ ಮಾತ್ರ ಹಸಿರಾಗಿದ್ದರೆ ಅದು ಪಾಚಿ. ಪಾಚಿಗೆ ಬೆಳಕು ಬೇಕು, ಬೂಷ್ಟಿಗೆ ಬೇಡ.

ಕಪ್ಪಾಗಿದ್ದರೆ ವಿಷದ ಬೂಷ್ಟು ಎಂಬ ಭಯ ಈಗ ಎಲ್ಲರ ಮೊಬೈಲಿನಲ್ಲೂ ಇದೆ. ಬಣ್ಣ ನೋಡಿ ಜಾತಿ ಹೇಳಲು ಬರುವುದಿಲ್ಲ. ಕಪ್ಪಾಗಿ ಬೆಳೆಯುವ ಜಾತಿಗಳು ಹಲವಾರು ಇವೆ. ಯಾವ ಜಾತಿಯಾದರೂ ಮಾಡಬೇಕಾದ ಕೆಲಸ ಒಂದೇ ಆದ್ದರಿಂದ ಪ್ರಯೋಗಾಲಯಕ್ಕೆ ಕಳುಹಿಸುವ ಖರ್ಚನ್ನು ನಾನು ಯಾವ ಮಾಲಕರಿಗೂ ಹೇಳಿಲ್ಲ. ಅಸ್ತಮಾ ಇರುವವರು, ರೋಗನಿರೋಧಕ ಶಕ್ತಿ ಕುಗ್ಗಿರುವವರು ಮಾತ್ರ ಒಳಗೆ ಕಾಲಿಡಬಾರದು.

ಪೆನ್ಸಿಲ್ ಮತ್ತು ಕ್ಯಾಲೆಂಡರ್

ನನ್ನ ಮುಖ್ಯ ಉಪಕರಣ ಬಡಗಿಯ ಚಪ್ಪಟೆ ಪೆನ್ಸಿಲ್. ಕಲೆಯ ಅಂಚಿನ ಸುತ್ತ ಗೆರೆ ಎಳೆದು ತಾರೀಕು ಬರೆಯುತ್ತೇನೆ. ಮುಂದಿನ ಭೇಟಿಯಲ್ಲಿ ಕಲೆ ಗೆರೆ ದಾಟಿದ್ದರೆ ಇನ್ನೊಂದು ಗೆರೆ. ಒಂದೂವರೆ ತಿಂಗಳಾಗುವಾಗ ಗೋಡೆಯ ಮೇಲೆ ಮರದ ಕಾಂಡ ಕೊಯ್ದಾಗ ಕಾಣುವಂಥ ಉಂಗುರಗಳು ಮೂಡಿರುತ್ತವೆ. ಆ ತಾರೀಕುಗಳನ್ನು ಮಳೆಯ ದಿನಗಳೊಂದಿಗೆ ಹೊಂದಿಸಿ ನೋಡಿದರೆ ಅರ್ಧ ಉತ್ತರ ಸಿಕ್ಕಿದ ಹಾಗೆ.

ಮಳೆ ಸುರಿದ ಕೆಲವೇ ಗಂಟೆಗಳಲ್ಲಿ ಕಲೆ ಹಿಗ್ಗಿದರೆ ನೀರು ನೇರ ದಾರಿಯಲ್ಲಿ ಬರುತ್ತಿದೆ: ತಾರಸಿಯ ಬಿರುಕು, ಎಲೆ ಕಟ್ಟಿದ ಮಳೆನೀರಿನ ಪೈಪ್, ಮುಂದೆ ಏಸಿ ಹಾಕಲೆಂದು ಗೋಡೆಯಲ್ಲಿ ಬಿಟ್ಟು ಮುಚ್ಚಲು ಮರೆತ ತೂತು. ಈ ಕೊನೆಯದನ್ನು ಅರೆಬರೆ ಕಟ್ಟಡಗಳಲ್ಲಿ ಮೊದಲು ನೋಡಿ. ಒಂದು ಕಡೆ ಮೂರು ಸಾವಿರ ರೂಪಾಯಿಯ ಜಲನಿರೋಧಕ ಬಳಿದ ಮೇಲೆ ಕಂಡುಬಂದದ್ದು ಮುಷ್ಟಿ ಗಾತ್ರದ ಪೈಪ್ ತೂತು. ಅದರೊಳಗೆ ಗುಬ್ಬಿ ಗೂಡು ಕಟ್ಟಿ ಬಿಟ್ಟುಹೋಗಿತ್ತು.

ಗಾಳಿಮಳೆ ಎರಡು ಮೂರು ದಿನ ಬಿಡದೆ ಹೊಡೆದ ಮೇಲೆ, ಅದೂ ಪಶ್ಚಿಮ ಅಥವಾ ನೈಋತ್ಯದ ಗೋಡೆಯಲ್ಲಿ ಮಾತ್ರ ಕಲೆ ಬಂದರೆ, ಗೋಡೆಯೇ ನೀರು ಕುಡಿದಿದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು ನಮ್ಮದು, ಅದರಲ್ಲಿ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲ ಕಡೆಯಿಂದ ಓರೆಯಾಗಿ ಬಂದು ಬಡಿಯುತ್ತದೆ. ಹಿಂದಿನವರು ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ ಕೊನೆಯಲ್ಲಿ ಮಳೆಗಾಲದ ಹೊಸ್ತಿಲಿಗೆ, ಪಡುವಣ ಗೋಡೆಗೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದದ್ದು ಚಂದಕ್ಕಲ್ಲ. ಈಗ ತಾರಸಿಗೆ ತಗಡಿನ ಮಾಡು ಹಾಕದ ಕಟ್ಟಡ ನಗರದಲ್ಲಿ ಹುಡುಕಬೇಕು, ಆದರೆ ಗೋಡೆಗೆ ತಟ್ಟಿ ಕಟ್ಟುವುದನ್ನು ಮಾತ್ರ ಮರೆತಿದ್ದೇವೆ. ಹೊರಗಿನ ಸಾರಣೆ ಮಾಡಿ ಬಣ್ಣ ಹೊಡೆಯದೆ ಬಿಟ್ಟ ಟೊಳ್ಳು ಸಿಮೆಂಟ್ ಇಟ್ಟಿಗೆಯ ಗೋಡೆ ಎರಡು ದಿನ ತಡೆಯುತ್ತದೆ, ಮೂರನೆಯ ದಿನ ಸೋಲುತ್ತದೆ.

ನೆಲಮಹಡಿಯಲ್ಲಿ ಕಲೆ ನೆಲದಿಂದ ಮೇಲೇರಿ ಸುಮಾರು ಒಂದು ಮೀಟರ್ ಎತ್ತರದಲ್ಲಿ ಅಲೆಯಂಥ ಗೆರೆಯಾಗಿ ನಿಂತಿದ್ದರೆ ನೆಲದ ಪಸೆ ಗೋಡೆ ಹತ್ತುತ್ತಿದೆ. ಹಿಂಬದಿಯಲ್ಲಿ ಪಕ್ಕದವರು ಮಣ್ಣು ತುಂಬಿಸಿ ನಮ್ಮ ಪಂಚಾಂಗಕ್ಕಿಂತ (ಗೋಡೆಯ ಕೆಳಗಿನ ಅಡಿಪಾಯದ ಕಟ್ಟೆಗಿಂತ) ಎತ್ತರ ಮಾಡಿದ್ದಾರೆಯೇ ನೋಡಿ ಬನ್ನಿ. ಗುಡ್ಡ ಕಡಿದು ಕಟ್ಟಿದ ಜಾಗಗಳಲ್ಲಿ ಕೆಂಪುಕಲ್ಲಿನ ಒಸರು ಅಕ್ಟೋಬರ್ ಕಳೆದರೂ ನಿಲ್ಲುವುದಿಲ್ಲ.

ಮಳೆಗೂ ಕಲೆಗೂ ಸಂಬಂಧವೇ ಇಲ್ಲದೆ, ಮಾರ್ಚ್‌ನಲ್ಲೂ ಚಾವಣಿ ಒದ್ದೆಯಾಗಿಯೇ ಇದ್ದರೆ ಮೇಲಿನ ಮಹಡಿಯ ಶೌಚಾಲಯವನ್ನು ನೋಡಬೇಕು. ಅಲ್ಲಿನ ನೆಲದ ತೂತು ಮುಚ್ಚಿ, ಬಣ್ಣ ಕಲಸಿದ ನೀರನ್ನು ಒಂದು ದಿನ ನಿಲ್ಲಿಸಿ, ಕೆಳಗೆ ಬಣ್ಣ ಇಳಿಯುತ್ತದೆಯೇ ಎಂದು ಕಾಯಬೇಕು. ಇದಕ್ಕೆ ಮೇಲಿನವರ ಒಪ್ಪಿಗೆ ಬೇಕು. ಅದು ಸಿಗುವುದು ನೀರಿನ ದಾರಿ ಹುಡುಕುವುದಕ್ಕಿಂತ ಕಷ್ಟ.

ಪ್ಲಾಸ್ಟಿಕ್ ಹಾಳೆಯ ಪರೀಕ್ಷೆ

ನೀರು ಗೋಡೆಯ ಒಳಗಿನಿಂದ ಬಂತೋ ಕೋಣೆಯ ಗಾಳಿಯಿಂದ ಬಂತೋ ಎಂಬುದು ಇಡೀ ಪತ್ತೆಯ ನಡುಗಂಬ. ಅದಕ್ಕೆ ಬೇಕಾದದ್ದು ಸುಮಾರು 45 ಸೆಂಟಿಮೀಟರ್ ಚೌಕದ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಮತ್ತು ಬಟ್ಟೆಯ ಟೇಪು. ಕಲೆಯ ಪಕ್ಕದ ಜಾಗವನ್ನು ಒಣಬಟ್ಟೆಯಲ್ಲಿ ಚೆನ್ನಾಗಿ ಒರೆಸಿ (ಒದ್ದೆ ಸಾರಣೆಗೆ ಟೇಪು ಅಂಟುವುದಿಲ್ಲ), ನಾಲ್ಕೂ ಅಂಚುಗಳನ್ನು ಗಾಳಿಯಾಡದಂತೆ ಮುಚ್ಚಿ. ಕನಿಷ್ಠ 16 ಗಂಟೆ ಬಿಡಬೇಕು; ನಾನು ಎರಡು ದಿನ ಬಿಡುತ್ತೇನೆ.

ಹನಿಗಳು ಹಾಳೆಯ ಹಿಂದೆ, ಗೋಡೆಯ ಕಡೆಗೆ ಮೂಡಿದ್ದರೆ ನೀರು ಗೋಡೆಯೊಳಗಿನದು. ನಮ್ಮ ಕಡೆಗೆ, ಕೈಯಾಡಿಸಿದರೆ ಒದ್ದೆಯಾಗುವ ಬದಿಗೆ ಮೂಡಿದ್ದರೆ ಗೋಡೆ ತಣ್ಣಗಿದೆ, ಗಾಳಿಯಲ್ಲಿದ್ದ ತೇವ ಅದರ ಮೇಲೆ ಹನಿಯಾಗಿದೆ. ಎರಡೂ ಕಡೆ ಇದ್ದರೆ ಎರಡು ತೊಂದರೆಗಳಿವೆ. ಹಾಗೂ ಆಗುತ್ತದೆ.

ಎಟಿಎಂ ಪಕ್ಕದ ಗೋಡೆ

ಬಿಜೈ ಕಡೆಯ ಒಂದು ಮಳಿಗೆಯ ವಿಷಯವನ್ನು ಸ್ವಲ್ಪ ಉದ್ದವಾಗಿಯೇ ಹೇಳಬೇಕು, ಏಕೆಂದರೆ ಅಲ್ಲಿ ನಾನು ಒಂದು ಇಡೀ ಮಳೆಗಾಲ ದಾರಿ ತಪ್ಪಿದ್ದೆ. ನೆಲಮಹಡಿ, 620 ಚದರ ಅಡಿ, ಹನ್ನೊಂದು ಅಡಿ ಎತ್ತರ. ಬೂಷ್ಟು ಬಂದದ್ದು ಉತ್ತರದ ಗೋಡೆಗೆ. ಅದು ಹೊರಗೋಡೆಯೇ ಅಲ್ಲ, ಮಳೆ ಮುಟ್ಟದ ಗೋಡೆ. ಆಚೆ ಬದಿಯಲ್ಲಿ ಎಟಿಎಂ ಇತ್ತು. ಕಲೆ ಎದೆಯೆತ್ತರದಿಂದ ಮೇಲಕ್ಕೆ, ಬೀಸಣಿಗೆ ಬಿಡಿಸಿಟ್ಟ ಆಕಾರದಲ್ಲಿ ಹರಡಿತ್ತು. ಪೈಪ್ ಒಡೆದಿದೆ ಎಂದು ಮೇಸ್ತ್ರಿ ಖಚಿತವಾಗಿ ಹೇಳಿದ. ಇಲ್ಲದ ಪೈಪಿಗಾಗಿ ಸಾರಣೆ ಒಡೆದೆವು. ಆಮೇಲೆ ಆಚೆಯ ಏಸಿಯಿಂದ ಹೊರಡುವ ನೀರಿನ ಕೊಳವೆಯ ಮೇಲೆ ಅನುಮಾನ ಬಂತು. ಅದು ಸರಿಯಾಗಿ ಹೊರಗೆ ಹರಿಯುತ್ತಿತ್ತು.

ಮಳೆ ಬಿಟ್ಟು ಬಿಸಿಲು ಮೂಡಿದ ದಿನ ಕಲೆ ಹೆಚ್ಚು ಒದ್ದೆಯಾಗಿದ್ದದ್ದನ್ನು ಕಂಡಾಗ ತಲೆಗೆ ಹೊಳೆಯಿತು. ಪ್ಲಾಸ್ಟಿಕ್ ಹಾಳೆ ಅಂಟಿಸಿದೆ. ಹನಿ ಮೂಡಿದ್ದು ನಮ್ಮ ಬದಿಗೆ. ಆರ್ದ್ರತಾ ಮಾಪಕ 28 ಡಿಗ್ರಿ, ಶೇಕಡ 88 ತೋರಿಸುತ್ತಿತ್ತು. ಅಂಥ ಗಾಳಿ ಸುಮಾರು 26 ಡಿಗ್ರಿಗೆ ತಣಿದರೆ ಸಾಕು, ಹೊತ್ತ ತೇವವನ್ನು ಹನಿಯಾಗಿ ಇಳಿಸಿಬಿಡುತ್ತದೆ. ಮುಟ್ಟದೆ ಉಷ್ಣತೆ ಅಳೆಯುವ ಮಾಪಕವನ್ನು ಗೋಡೆಗೆ ಹಿಡಿದರೆ ಬೀಸಣಿಗೆಯ ಹಿಡಿಯ ಬಳಿ ಇಪ್ಪತ್ತಮೂರೂವರೆ, ಅಂಚಿನಲ್ಲಿ ಇಪ್ಪತ್ತೈದೂವರೆ, ಕಲೆಯಿಲ್ಲದ ಕಡೆ ಇಪ್ಪತ್ತೇಳು. ಹಗಲು ರಾತ್ರಿ ಓಡುವ ಎಟಿಎಂ ಏಸಿಯ ಗಾಳಿ ನೇರ ಆ ಗೋಡೆಗೆ ಬೀಸುತ್ತಿತ್ತು. ತಂಪು ಪಾನೀಯದ ಬಾಟಲಿ ಹೊರತೆಗೆದಿಟ್ಟರೆ ಬೆವರುವಂತೆ ನಮ್ಮ ಗೋಡೆ ಬೆವರುತ್ತಿತ್ತು. (ಕೋವಿಡ್ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಮಾಪಕವೇ ಮನೆಯಲ್ಲಿದ್ದರೆ ಅದನ್ನು ವಸ್ತುವಿನ ಉಷ್ಣತೆ ಅಳೆಯುವ ಕ್ರಮಕ್ಕೆ ಬದಲಿಸಿಕೊಳ್ಳಿ, ಇಲ್ಲವಾದರೆ ಗೋಡೆಗೆ ಜ್ವರವಿಲ್ಲ ಎಂದಷ್ಟೇ ಹೇಳೀತು.)

ಪರಿಹಾರದ ಮೊದಲ ಅರ್ಧಕ್ಕೆ ಕಾಸು ಬೇಕಾಗಲಿಲ್ಲ. ಏಸಿ ನೋಡಿಕೊಳ್ಳುವ ಹುಡುಗನಿಗೆ ಹೇಳಿ ಗಾಳಿಯ ರೆಕ್ಕೆಗಳನ್ನು ಗೋಡೆಯಿಂದ ಬೇರೆಡೆಗೆ ತಿರುಗಿಸಿದೆವು. ಉಳಿದರ್ಧಕ್ಕೆ ನಮ್ಮ ಬದಿಯಲ್ಲಿ, ಗೋಡೆ ಒಣಗಿದ ಮೇಲೆ, ನೀರಾವಿ ಹಾಯದ ಫೋಮ್ ಹಲಗೆಯನ್ನು ಸಂದಿಲ್ಲದಂತೆ ಪೂರ್ತಿ ಅಂಟಿಸಿ ಸೇರುವಲ್ಲೆಲ್ಲ ಟೇಪು ಹಾಕಿದ್ದೇವೆ. ಪೂರ್ತಿ ಅಂಟಿಸುವುದು ಮುಖ್ಯ. ಒಳಾಂಗಣ ವಿನ್ಯಾಸದವರು ಇಂಥ ಗೋಡೆಯನ್ನು ಕಂಡರೆ ಪಟ್ಟಿ ಹೊಡೆದು ಪ್ಲೈವುಡ್ ಹೊದಿಸಿ ಮರೆಮಾಡುತ್ತಾರೆ. ಆಗ ಹಿಂದಿನ ಕತ್ತಲ ಸಂದಿಯಲ್ಲಿ ತಣ್ಣಗಿನ ಗೋಡೆ, ತೇವದ ಗಾಳಿ, ತಿನ್ನಲು ಮರ ಮೂರನ್ನೂ ಒಟ್ಟಿಗೆ ಕೂಡಿಹಾಕಿದಂತಾಗುತ್ತದೆ. ಬಾಡಿಗೆದಾರನಿಗೆ ಮೊದಲ ವರ್ಷ ಏನೂ ಕಾಣುವುದಿಲ್ಲ, ವಾಸನೆ ಮಾತ್ರ ಬರುತ್ತದೆ.

ಹೊಸ ಸಾರಣೆ ಕುಡಿದ ನೀರು

ಗೋಡೆಯೊಳಗಿನ ನೀರೆಲ್ಲ ಸೋರಿ ಬಂದದ್ದಲ್ಲ. 50 ಕಿಲೋ ಸಿಮೆಂಟಿಗೆ 25 ಲೀಟರ್ ನೀರು ಕಲಸಿದರೆ ರಾಸಾಯನಿಕವಾಗಿ ಸಿಮೆಂಟಿನಲ್ಲಿ ಕಟ್ಟಿಕೊಳ್ಳುವುದು ಅದರ ಅರ್ಧದಷ್ಟು. ಮಿಕ್ಕದ್ದರ ಬಹುಪಾಲು ಆವಿಯಾಗಿಯೇ ಹೋಗಬೇಕು. ಅದರ ಮೇಲೆ ಏಳೆಂಟು ದಿನ ಗೋಣಿ ಹೊದಿಸಿ ನೀರುಣಿಸಿರುತ್ತೇವೆ. ಒಂದು ಅಂಗುಲ ಕಾಂಕ್ರೀಟ್ ಒಣಗಲು ಒಂದು ತಿಂಗಳು ಎಂಬುದು ಕೆಲಸಗಾರರ ಲೆಕ್ಕ, ಅದೂ ಒಣಹವೆಯಲ್ಲಿ. ಮೇ ಕೊನೆಗೆ ಸಾರಣೆ ಮುಗಿಸಿ ಷಟರ್ ಎಳೆದರೆ ಒಳಗಿನ ನೀರಿಗೆ ಹೋಗಲು ದಾರಿಯೇ ಇಲ್ಲ. ಕಲೆ ನಾಲ್ಕೂ ಗೋಡೆಗಳಲ್ಲಿ ಒಂದೇ ತೆಳುವಾಗಿ ಹರಡಿದ್ದು, ಹಾಳೆಯ ಹಿಂದೆ ಎಲ್ಲ ಕಡೆಯೂ ಹನಿಯಿದ್ದರೆ ಇದೇ ಕಾರಣ. ಇದಕ್ಕೆ ರಿಪೇರಿ ಇಲ್ಲ, ಒಣಗಿಸುವುದೊಂದೇ.

ಆ ಗೋಣಿಗಳು ಎಲ್ಲಿ ಹೋದವು ಎಂದು ಕೇಳಿಕೊಳ್ಳಿ. ಸಾಮಾನ್ಯವಾಗಿ ಮೂಲೆಯಲ್ಲೇ ಬಿದ್ದಿರುತ್ತವೆ. ಜೊತೆಗೆ ಟೈಲ್ಸ್ ಬಂದ ರಟ್ಟಿನ ಪೆಟ್ಟಿಗೆ, ಕೂತುಹೋದ ಸಿಮೆಂಟ್ ಚೀಲ, ಪ್ಲೈವುಡ್ ತುಂಡು. ಬರಿಯ ಕಾಂಕ್ರೀಟ್ ಬೂಷ್ಟಿಗೆ ಆಹಾರವಲ್ಲ, ಇವೆಲ್ಲ ಆಹಾರ. ಬೂಷ್ಟು ಹಿಡಿದ ಖಾಲಿ ಮಳಿಗೆಗಳಲ್ಲಿ ಮೊದಲ ದಿನ ನಾನು ಮಾಡಿಸುವ ಕೆಲಸ ಒಂದು ಟೆಂಪೋ ಕರೆಸಿ ಇದನ್ನೆಲ್ಲ ಸಾಗಿಸುವುದು.

ತೆಗೆಯುವ ಕೆಲಸ

ಕಾರಣ ಸಿಕ್ಕಿ, ಸೋರಿಕೆ ನಿಂತ ಮೇಲೆ ಸ್ವಚ್ಛ ಮಾಡುವುದು. ಎನ್95 ಮುಖಗವಸು, ರಬ್ಬರ್ ಕೈಗವಸು, ಕಣ್ಣಿಗೆ ಮುಚ್ಚುವ ಕನ್ನಡಕ ಬೇಕು. ಒಣ ಬ್ರಷ್ಷಿನಲ್ಲಿ ಉಜ್ಜಬೇಡಿ, ಪೊರಕೆ ಮುಟ್ಟಲೇಬೇಡಿ. ಇಡೀ ಕಟ್ಟಡಕ್ಕೆ ಬೀಜ ಬಿತ್ತಿದಂತಾಗುತ್ತದೆ. ಕಲೆಯ ಮೇಲೆ ನೀರು ಸಿಂಪಡಿಸಿ, ಬಟ್ಟೆ ಒಗೆಯುವ ಸೋಪಿನ ನೀರಿನಲ್ಲಿ ಉಜ್ಜಿ ಒರೆಸಿ, ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಿರಿ. ಸಿಮೆಂಟ್ ಸಾರಣೆಗೆ ಇಷ್ಟು ಸಾಕು. ಬ್ಲೀಚ್ ಹಾಕಿದರೆ ಬಣ್ಣ ಹೋಗಿ ಕಣ್ಣಿಗೆ ತೃಪ್ತಿಯಾಗುತ್ತದೆ, ಆದರೆ ರಂಧ್ರಗಳೊಳಗೆ ಅದು ಇಳಿಯುವುದಿಲ್ಲ, ಅದರಲ್ಲಿನ ನೀರು ಮಾತ್ರ ಇಳಿಯುತ್ತದೆ. ಹಾಕಲೇಬೇಕೆಂದಿದ್ದರೆ ಶೌಚಾಲಯ ತೊಳೆಯುವ ಆಸಿಡ್ಡಿನ ಜೊತೆಗಾಗಲಿ ಅಮೋನಿಯಾ ಇರುವ ದ್ರಾವಣದ ಜೊತೆಗಾಗಲಿ ಎಂದೂ ಬೆರೆಸಬೇಡಿ. ಆಸಿಡ್ಡಿನೊಂದಿಗೆ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಷಟರ್ ಮುಚ್ಚಿದ ಮಳಿಗೆಯಲ್ಲಿ ಅದು ಸಣ್ಣ ಮಾತಲ್ಲ.

ಕಾಗದ ಹೊದಿಸಿದ ಜಿಪ್ಸಂ ಹಲಗೆ ಎರಡು ದಿನಕ್ಕಿಂತ ಹೆಚ್ಚು ಒದ್ದೆಯಾಗಿದ್ದು ಬೂಷ್ಟು ಹಿಡಿದಿದ್ದರೆ ಅದರ ಮೋಹ ಬಿಡಬೇಕು. ಒಂದು ಬದಿ ಚೆನ್ನಾಗಿದೆಯಲ್ಲ ಎನ್ನುವವರಿಗೆ ಹಲಗೆಯ ಅಂಚನ್ನು ಚಾಕುವಿನಿಂದ ಬಿಡಿಸಿ ಕಾಗದದ ಹಿಂಬದಿಯನ್ನು ತೋರಿಸುತ್ತೇನೆ. ವಾದ ಅಲ್ಲಿಗೆ ಮುಗಿಯುತ್ತದೆ.

ಒಣಗಿಸುವುದು

ಆಟಿಯಲ್ಲಿ (ಜುಲೈ-ಆಗಸ್ಟ್‌ಗೆ ಬರುವ ತುಳು ತಿಂಗಳು) "ಸ್ವಲ್ಪ ಗಾಳಿಯಾಡಲಿ" ಎಂದು ದಿನವಿಡೀ ಷಟರ್ ತೆರೆದಿಡುವುದು ಎಲ್ಲರೂ ಮಾಡುವ ತಪ್ಪು. ಹೊರಗೆ 26 ಡಿಗ್ರಿ, ಆರ್ದ್ರತೆ ಶೇಕಡ 95 ಇದ್ದರೆ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 23 ಗ್ರಾಂ ನೀರಿರುತ್ತದೆ. ಬಿಜೈಯ ಆ ಮಳಿಗೆಯನ್ನು ಅಂಥ ಗಾಳಿಯಿಂದ ಒಂದು ಸಲ ತುಂಬಿದರೆ ನಾಲ್ಕೂವರೆ ಲೀಟರ್ ನೀರನ್ನು ಆವಿಯಾಗಿ ಒಳಗೆ ಬಿಟ್ಟಂತೆ. ಗಾಳಿ ಬದಲಾಗುತ್ತಲೇ ಇರುತ್ತದೆ. ತಣ್ಣಗಿನ ಗೋಡೆ ತನ್ನ ಪಾಲನ್ನು ಪ್ರತಿ ಸಲವೂ ತೆಗೆದುಕೊಳ್ಳುತ್ತದೆ. ಕಿಟಕಿ ತೆರೆಯುವ ಉಪಾಯಕ್ಕೆ ಕಾಲವಿದೆ. ಡಿಸೆಂಬರ್‌ನಿಂದ ಫೆಬ್ರವರಿಯ ಮಧ್ಯಾಹ್ನಗಳಲ್ಲಿ ಎದುರುಬದುರು ತೆರೆದು ಫ್ಯಾನ್ ಹಾಕಿದರೆ ಬೇರೇನೂ ಬೇಡ.

ಮಳೆಗಾಲದಲ್ಲೇ ಒಣಗಿಸಬೇಕಾದರೆ ದಾರಿ ತದ್ವಿರುದ್ಧ. ಷಟರಿನ ಅಡಿ ಮತ್ತು ಪೆಟ್ಟಿಗೆಯ ಸಂದುಗಳನ್ನು ಮುಚ್ಚಿ, ಶೌಚಾಲಯಕ್ಕೆಂದು ತೆರೆದು ಬಿಟ್ಟ ಪೈಪಿನ ಬಾಯಿಗಳಿಗೆ ಮುಚ್ಚಳ ಹಾಕಿ (ಚರಂಡಿಯ ಬಿಸಿ ಹಬೆ ಬರುವುದು ಅಲ್ಲಿಂದ), ಒಳಗೆ ತೇವ ಹೀರುವ ಯಂತ್ರ ಓಡಿಸಬೇಕು. ಕೊಳವೆಯನ್ನು ಹೊರಗೆ ಬಿಡಿ. ಬಕೆಟ್ ಇಟ್ಟರೆ ತುಂಬಿದ ಕೂಡಲೇ ಯಂತ್ರ ನಿಲ್ಲುತ್ತದೆ, ಬೀಗ ಹಾಕಿದ ಮಳಿಗೆಯಲ್ಲಿ ಅದನ್ನು ಚೆಲ್ಲುವವರಿಲ್ಲ. ಇದಕ್ಕೆಲ್ಲ ವಿದ್ಯುತ್ ಬೇಕು. ಮೆಸ್ಕಾಂನಿಂದ ತಾತ್ಕಾಲಿಕ ಸಂಪರ್ಕಕ್ಕೆ ಮೊದಲೇ ಅರ್ಜಿ ಹಾಕಿಡಿ. ಸೂಪರ್ ಮಾರ್ಕೆಟ್ಟಿನಲ್ಲಿ ಸಿಗುವ ತೇವ ಹೀರುವ ಪೊಟ್ಟಣಗಳು ಕಪಾಟಿಗೆ ಸರಿ, ಮಳಿಗೆಗೆ ಅವು ಕಡಲಿಗೆ ಹಿಡಿದ ಸ್ಪಂಜು. ಒಬ್ಬ ಪೇಂಟರ್ ಗ್ಯಾಸ್ ಒಲೆ ತಂದು ಗೋಡೆಗೆ ಬಿಸಿ ಹಿಡಿಯಲು ಹೊರಟಿದ್ದ. ಒಂದು ಕಿಲೋ ಎಲ್‌ಪಿಜಿ ಉರಿದರೆ ಒಂದೂವರೆ ಲೀಟರಿಗೂ ಹೆಚ್ಚು ನೀರು ಆವಿಯಾಗಿ ಅದೇ ಕೋಣೆಗೆ ಸೇರುತ್ತದೆ ಎಂದರೆ ಅವನು ನಂಬಲಿಲ್ಲ. ತಣ್ಣಗಿನ ಸ್ಟೀಲ್ ತಟ್ಟೆಯನ್ನು ಉರಿಯ ಮೇಲೆ ಕ್ಷಣಕಾಲ ಹಿಡಿದು ಅದು ಮಂಜಾಗುವುದನ್ನು ತೋರಿಸಿದ ಮೇಲೆ ಸಿಲಿಂಡರ್ ವಾಪಸ್ ಹೋಯಿತು.

ಆರ್ದ್ರತಾ ಮಾಪಕ ಅಗ್ಗದ್ದಾದರೂ ಸಾಕು, ಆದರೆ ಅದು ಸುಳ್ಳು ಹೇಳುತ್ತದೆಯೇ ಎಂದು ಮೊದಲು ನೋಡಿಕೊಳ್ಳಬೇಕು. ಬಾಟಲಿಯ ಮುಚ್ಚಳದಲ್ಲಿ ಪುಡಿ ಉಪ್ಪು ತುಂಬಿ, ನಾಲ್ಕು ಹನಿ ನೀರಿನಲ್ಲಿ ಕೆಸರಿನಂತೆ ಮಾಡಿ, ಮಾಪಕದ ಜೊತೆ ಗಾಳಿಯಾಡದ ಚೀಲದಲ್ಲಿ ರಾತ್ರಿಯಿಡೀ ಇಡಿ. ಬೆಳಿಗ್ಗೆ ಶೇಕಡ 75 ತೋರಿಸಬೇಕು. ನನ್ನದು 79 ತೋರಿಸುತ್ತದೆ. ಹಿಂಬದಿಗೆ "ನಾಲ್ಕು ಕಳೆ" ಎಂದು ಬರೆದು ಅಂಟಿಸಿದ್ದೇನೆ. ಒಳಗಿನ ಆರ್ದ್ರತೆ 65ರ ಕೆಳಗೆ ಇಳಿದು ವಾರಗಟ್ಟಲೆ ಅಲ್ಲೇ ನಿಂತರೆ ಬೂಷ್ಟು ಮತ್ತೆ ಏಳುವುದಿಲ್ಲ. 80 ದಾಟಿದರೆ ದಿನ ಎಣಿಸುವುದಷ್ಟೇ ಬಾಕಿ.

ಒಣಗಿದ ಮೇಲೂ ಪ್ಲಾಸ್ಟಿಕ್ ಬಣ್ಣ ಬಳಿಯಲು ಅವಸರ ಬೇಡ. ಬಾಡಿಗೆದಾರ ಬರುವವರೆಗೆ ಎರಡು ಕೈ ಸುಣ್ಣ ಸಾಕು. ಸುಣ್ಣದ ಕ್ಷಾರ ಬೂಷ್ಟಿಗೆ ಆಗದು, ಗೋಡೆಯೊಳಗಿನ ಅಳಿದುಳಿದ ತೇವಕ್ಕೆ ಅದು ದಾರಿಯನ್ನೂ ಬಿಡುತ್ತದೆ. ಕಾಲ ಕಳೆದಂತೆ ಕ್ಷಾರ ಇಳಿಯುವುದರಿಂದ ವರ್ಷಕ್ಕೊಮ್ಮೆ ಮತ್ತೆ ಬಳಿಯಬೇಕು. ಹೊರಗಿನ ಪಡುಗೋಡೆಗೆ ಮಾತ್ರ ಏಪ್ರಿಲ್‌ನಲ್ಲೇ ಬಿರುಕು ಮುಚ್ಚಿ ಹೊರಬಣ್ಣ ಹೊಡೆಸಿ, ದುಡ್ಡಿಲ್ಲದಿದ್ದರೆ ಪತ್ತನಾಜೆಯೊಳಗೆ ಟರ್ಪಾಲನ್ನಾದರೂ ಕಟ್ಟಿಸಿ.

ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲು ತಾರೀಕು ಸಹಿತ ಪೆನ್ಸಿಲ್ ಗೆರೆಗಳ ಫೋಟೋಗಳನ್ನು ಎರಡೂ ಕಡೆಯವರಿಗೆ ಕೊಡುವುದು ನನ್ನ ರೂಢಿ. ಮಾಲಕರಿಗೆ ಇದು ಇಷ್ಟವಾಗುವುದಿಲ್ಲ. ಆದರೆ ಮುಂದಿನ ಜುಲೈಯಲ್ಲಿ "ನೀವು ಏಸಿ ಹಾಕಿದ್ದರಿಂದ", "ನೀವು ಮುಚ್ಚಿಟ್ಟದ್ದರಿಂದ" ಎಂಬ ಜಗಳದ ನಡುವೆ ನಿಲ್ಲಬೇಕಾದವನು ನಾನು.

ಬಿಜೈಯ ಮಳಿಗೆಯಲ್ಲಿ ಮಾಪಕವನ್ನು ನಡುಗೋಡೆಯ ಮೊಳೆಗೆ ದಾರ ಕಟ್ಟಿ ನೇತುಹಾಕಿದ್ದೇನೆ. ಕಳೆದ ಭೇಟಿಯಲ್ಲಿ ನಾಲ್ಕು ಕಳೆದು 71 ಇತ್ತು. ಜಿಪ್ಸಂ ಚಾವಣಿ ಕಟ್ಟುವವರು ದಸರೆಗೆ ಮುಗಿಸಿಕೊಡುತ್ತೇವೆ ಎಂದು ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದಾರೆ. ಡಿಸೆಂಬರಿಗೆ ಬನ್ನಿ ಎಂದಿದ್ದೇನೆ.